ಗೆರೆ ಎಳೆದ ಸಾಲು

ನಮ್ಮ ಅತ್ತೆಗೆ ಎಂಬತ್ತೆರಡು ವರ್ಷ. ಏನಾದರೂ ಕೇಳುವುದಿದ್ದರೆ ನನಗೆ ಕೈತುಂಬ ಕೆಲಸವಿರುವ ಹೊತ್ತನ್ನೇ ಆರಿಸಿಕೊಳ್ಳುತ್ತಾರೆ. ಆವತ್ತೂ ಹಾಗೇ ಆಯಿತು. ನಮ್ಮ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ನಾನು ನರ್ಸಿಂಗ್ ಹೋಮಿನಿಂದ ಬಂದ ಹೊದಿಕೆಗಳನ್ನು ಎಣಿಸುತ್ತಿದ್ದೆ. ಅತ್ತೆ ಸ್ಟೂಲಿನ ಮೇಲೆ ಕೂತು ಗಿರಾಕಿಗಳ ಷರ್ಟಿಗೆ ಬಿದ್ದುಹೋದ ಗುಂಡಿ ಹೊಲಿಯುತ್ತಿದ್ದರು. ದಾರವನ್ನು ಹಲ್ಲಿನಿಂದ ಕಡಿದು, "ನನ್ನ ತಮ್ಮನನ್ನ ಎಲ್ಲಿ ಮಣ್ಣು ಮಾಡಿದ್ರು ಅಂತ ನೀನು ಹುಡುಕಿಕೊಡಬೇಕು ಕಣೇ" ಅಂದರು.

ನನ್ನ ಎಣಿಕೆ ಅರವತ್ತಮೂರಕ್ಕೆ ನಿಂತಿತು.

"ಯಾವ ತಮ್ಮ?"

"ನನಗೇನು ನಾಲ್ಕು ಜನ ತಮ್ಮಂದಿರಿದ್ರಾ? ಇದ್ದವನು ಒಬ್ಬನೇ."

ನಾನು ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೊಂಬತ್ತು ವರ್ಷ. ಅತ್ತೆ ಅನಾಥಾಲಯದಲ್ಲಿ ಬೆಳೆದವರು ಎನ್ನುವುದು ಗೊತ್ತಿತ್ತು. ತಮ್ಮನ ವಿಷಯ ಮಾತ್ರ ನನಗೂ ಹೊಸದು, ಇಸ್ತ್ರಿ ಮೇಜಿನ ಹಿಂದೆ ನಿಂತಿದ್ದ ಅವರ ಮಗನಿಗೂ ಹೊಸದು. ನಮ್ಮವರು ಇಸ್ತ್ರಿಪೆಟ್ಟಿಗೆಯನ್ನು ಮೇಲೆತ್ತಿ ಹಿಡಿದುಕೊಂಡೇ ನಿಂತುಬಿಟ್ಟರು. ಯಾರದೋ ಪುಣ್ಯ, ಪ್ಯಾಂಟು ಉಳಿಯಿತು.

ಅತ್ತೆ ಹೇಳಿದ್ದು ಇಷ್ಟು. ತಾಯಿ ತೀರಿಕೊಂಡಾಗ ಅವರಿಗೆ ಏಳು ವರ್ಷ, ತಮ್ಮನಿಗೆ ಮೂರು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ಪಕ್ಕದ ಮನೆಯವರು ಇಬ್ಬರನ್ನೂ ಒಂದೇ ದಿನ ಅನಾಥಾಲಯಕ್ಕೆ ಸೇರಿಸಿದರು. ಮೂರು ತಿಂಗಳಿಗೆ ತಮ್ಮನಿಗೆ ಜ್ವರ ಬಂತು. ಕಾಯಿಲೆ ಮಕ್ಕಳ ಕೋಣೆಗೆ ಹಾಕಿದರು. ತಣ್ಣೀರು ಕೊಡಲೇಬಾರದು ಎಂದು ನರ್ಸಮ್ಮನ ಕಟ್ಟಪ್ಪಣೆ. ಮಗು ನೀರು ನೀರು ಎಂದು ಅಳುತ್ತಿತ್ತು. ಅಕ್ಕ ಕಿಟಕಿಯ ಸರಳಿನ ನಡುವೆ ಲೋಟ ತೂರಿಸಿ ನಲ್ಲಿ ನೀರು ಕುಡಿಸಿದಳು. ಸಿಕ್ಕಿಬಿದ್ದಳು. ಎರಡು ದಿನ ಆ ಕಡೆ ಸುಳಿಯಲು ಬಿಡಲಿಲ್ಲ. ಮೂರನೆಯ ದಿನ ಹೋಗಿ ನೋಡಿದರೆ ಮಂಚ ಖಾಲಿ, ಹಾಸಿಗೆ ಸುತ್ತಿಟ್ಟಿದ್ದರು. ಯಾರೂ ಏನೂ ಹೇಳಲಿಲ್ಲ. ಕೇಳುವ ಧೈರ್ಯ ಇವರಿಗೂ ಬರಲಿಲ್ಲ.

"ನಾನು ನೀರು ಕೊಡದೇ ಇದ್ದಿದ್ರೆ ಉಳೀತಿದ್ದ" ಎಂದರು ಅತ್ತೆ. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಎಪ್ಪತ್ತೈದು ವರ್ಷ ಬಾಯಲ್ಲೇ ಇಟ್ಟುಕೊಂಡಿದ್ದ ಮಾತು. "ಡಾಕ್ಟರು ನನ್ನ ಹೃದಯ ಸೋತಿದೆ ಅಂದ್ರಲ್ಲ. ಅದು ನಿಲ್ಲೋದ್ರೊಳಗೆ ಅವನ ಜಾಗ ನೋಡಬೇಕು. ಒಂದು ಸಲ ಹೋಗಿ, ತಪ್ಪಾಯ್ತಪ್ಪ ಅಂತ ಹೇಳಿಬರ್ತೀನಿ. ಅಷ್ಟೇ."

ಅಷ್ಟೇ ಅಂದರೆ ಅಷ್ಟೇ. ಅತ್ತೆ ಮತ್ತೊಂದು ಗುಂಡಿ ತೆಗೆದುಕೊಂಡರು.

ಅನಾಥಾಲಯ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅದರ ಪುಸ್ತಕಗಳು ಹಳೇ ದಾಖಲೆಗಳ ಕಚೇರಿಯಲ್ಲಿವೆ ಎಂದು ಗೊತ್ತಾಯಿತು. ಗುರುವಾರ ನಮ್ಮ ಅಂಗಡಿಗೆ ರಜೆ. ಆ ಕಚೇರಿಯ ಎರಡನೆಯ ಮಹಡಿಯಲ್ಲಿ ಉದ್ದನೆಯ ಮೇಜಿನ ಸುತ್ತ ಐದಾರು ಜನ ಪ್ರತಿ ಗುರುವಾರ ಸೇರುತ್ತಾರೆ. ಎಲ್ಲರೂ ತಂತಮ್ಮ ವಂಶ ಹುಡುಕುವವರು. ಅಲ್ಲಿನ ಗುಮಾಸ್ತ ಅವರಿಗೆ ಇಟ್ಟ ಹೆಸರು 'ಸತ್ತವರ ಸಂಬಂಧಿಕರು'. ಒಬ್ಬರು ಹಲ್ಲಿನ ಡಾಕ್ಟರು. ಮುತ್ತಜ್ಜ ಸೇನಾಪತಿ ಎಂದು ಮನೆಯಲ್ಲಿ ಕೇಳಿದ್ದರಂತೆ, ಪುಸ್ತಕದಲ್ಲಿ ಸಿಕ್ಕಿದ್ದು ಸೇನಾಪತಿಯ ಗಾಡಿ ಹೊಡೆಯುವವನು. ಎರಡು ವಾರ ಮುಖ ಊದಿಸಿಕೊಂಡಿದ್ದು ಆಮೇಲೆ ಗಾಡಿಯವನ ಅಪ್ಪನನ್ನು ಹುಡುಕಲು ಶುರುಮಾಡಿದರು. ಆ ರುಚಿ ಹತ್ತಿದವರು ಬಿಡುವುದಿಲ್ಲ.

ಗುಂಪಿಗೆ ಯಜಮಾನಿ ಕಾರ್ಡ್ ಟೀಚರ್. ನಿವೃತ್ತಿಯಾದ ಮೇಷ್ಟ್ರಮ್ಮ. ಇಪ್ಪತ್ತೆರಡು ವರ್ಷ ಕೂತು, ಅನಾಥಾಲಯದ ದಪ್ಪ ಪುಸ್ತಕಗಳಿಂದ ಒಂದು ಮಗುವಿಗೆ ಒಂದು ಕಾರ್ಡಿನಂತೆ ಎಂಟು ಸಾವಿರ ಕಾರ್ಡು ಬರೆದು ಮರದ ಡ್ರಾಯರುಗಳಲ್ಲಿ ಜೋಡಿಸಿದ್ದಾರೆ. ಕಾರ್ಡಿನ ನಂಬರು ಕೊಟ್ಟರೆ ಮಾತ್ರ ಗುಮಾಸ್ತ ಮಕ್ಕಳನ್ನು ಸೇರಿಸಿಕೊಂಡ ಮೂಲ ಪುಸ್ತಕ ತಂದುಕೊಡುತ್ತಾನೆ. ಹಳೇ ಕಾಗದ, ಮುಟ್ಟಿದರೆ ಪುಡಿಯಾಗುತ್ತದೆ, ಆದ್ದರಿಂದ ಆ ನಿಯಮ.

ಅತ್ತೆಯ ಕಾರ್ಡು ಒಂದೇ ನಿಮಿಷದಲ್ಲಿ ಸಿಕ್ಕಿತು. ತಮ್ಮನದು ಇರಲಿಲ್ಲ. ಟೀಚರ್ ಮೂರು ಡ್ರಾಯರು ಎಳೆದು ನೋಡಿ, ಕನ್ನಡಕ ಕೆಳಗಿಳಿಸಿದರು.

"ಕಾರ್ಡ್ ಇಲ್ಲ ಅಂದ್ರೆ ಆ ಮಗು ಅಲ್ಲಿ ಇರಲಿಲ್ಲಮ್ಮ."

"ಇದ್ದ, ಟೀಚರ್. ನಮ್ಮತ್ತೆ ಎತ್ತಿ ಆಡಿಸಿದ್ದಾರೆ."

"ವಯಸ್ಸಾದವರು. ಬೇರೆ ಯಾವುದೋ ಮಗುವನ್ನ ತಮ್ಮ ಅಂದ್ಕೊಂಡಿರಬಹುದು. ಎಷ್ಟು ಜನರ ವಿಷಯದಲ್ಲಿ ನೋಡಿಲ್ಲ ನಾನು!"

ಟೀಚರ್ ಪಕ್ಕದಲ್ಲಿ ಕೂರುವವರು ಪೋಸ್ಟ್ ಮಾಮ. ಮೂವತ್ತೈದು ವರ್ಷ ಕಾಗದ ಹಂಚಿದ ಮನುಷ್ಯ, ಈಗ ತಮ್ಮ ಅಜ್ಜಿಯ ತವರು ಹುಡುಕುತ್ತಿದ್ದಾರೆ. ಅವರು ಪಾಪ, ಆ ವರ್ಷದ ಮರಣದ ಪುಸ್ತಕವನ್ನು ಪೂರ್ತಿ ನೋಡಿಕೊಟ್ಟರು. ಅದರಲ್ಲೂ ಇಲ್ಲ.

ಮನೆಗೆ ಬಂದು ಹೇಳಿದೆ. ಅತ್ತೆಗೆ ರೇಗಿತು.

"ಇರಲಿಲ್ಲವಂತಾ? ಮೂರು ತಿಂಗಳು ಅವನನ್ನ ಹೊತ್ತು ನನ್ನ ಸೊಂಟ ಈ ಕಡೆಗೆ ವಾಲಿದೆ ನೋಡು. ಹೋಗಿ ನಿಮ್ಮ ಟೀಚರಮ್ಮನಿಗೆ ನನ್ನ ಸೊಂಟ ತೋರಿಸು!"

ಸೊಂಟ ಒಯ್ಯುವುದಕ್ಕಾಗಲಿಲ್ಲ. ಮುಂದಿನ ಗುರುವಾರ ನಾನು ಬೇರೆ ದಾರಿ ಹಿಡಿದೆ. ತಮ್ಮನಿಗೆ ನಂಬರಿಲ್ಲದಿದ್ದರೆ ಬೇಡ, ಅತ್ತೆಯ ನಂಬರಿದೆಯಲ್ಲ. ಅದನ್ನು ಕೊಟ್ಟು ಅತ್ತೆಯ ಪುಸ್ತಕ ತರಿಸಿದೆ. ಇಬ್ಬರೂ ಒಂದೇ ದಿನ ಸೇರಿದವರು. ಒಬ್ಬರ ಹೆಸರು ಇರುವ ಕಡೆ ಇನ್ನೊಬ್ಬರದು ಎಷ್ಟು ದೂರ ಹೋದೀತು?

ದೂರ ಹೋಗಿರಲಿಲ್ಲ. ಅತ್ತೆಯ ಹೆಸರಿನ ಕೆಳಗಿನ ಸಾಲಿನಲ್ಲೇ ಇತ್ತು: ಗಂಡು, ಮೂರು ವರ್ಷ, ಮೇಲಿನವಳ ತಮ್ಮ. ಸಾಲಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಕೆಂಪು ಗೆರೆ ಎಳೆದಿತ್ತು.

"ಟೀಚರ್, ಇಲ್ಲಿದ್ದಾನೆ!"

ಟೀಚರ್ ಬಗ್ಗಿ ನೋಡಿದರು. "ಓ, ಹೊಡೆದುಹಾಕಿದ ಸಾಲು. ಅದು ಗುಮಾಸ್ತರು ತಪ್ಪಿ ಬರೆದು ರದ್ದು ಮಾಡಿದ್ದು. ಅಂಥವನ್ನ ನಾವು ಕಾರ್ಡಿಗೆ ಎತ್ತಿಲ್ಲ. ಮೊದಲನೇ ದಿನವೇ ಮಾಡಿಕೊಂಡ ನಿಯಮ."

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಇಪ್ಪತ್ತೊಂಬತ್ತು ವರ್ಷದಿಂದ ಲಾಂಡ್ರಿಯ ಪುಸ್ತಕ ಬರೆಯುತ್ತಿದ್ದೇನೆ. ಆ ಗೆರೆಯನ್ನೇ ನೋಡುತ್ತ ಕೂತೆ. ಸ್ಕೇಲಿಟ್ಟು ಎಳೆದ ಸಣ್ಣ ಗೆರೆ, ಕೆಳಗಿನ ಅಕ್ಷರ ಒಂದೂ ಕೆಟ್ಟಿಲ್ಲ. ಪುಟ ತಿರುವಿದೆ. ಅಲ್ಲಿ ಐದು ಸಾಲಿಗೆ ಹಾಗೇ ಗೆರೆ. ಇನ್ನೊಂದು ಪುಟದಲ್ಲಿ ಏಳು.

"ಟೀಚರ್, ಪುಟಕ್ಕೆ ಐದು ಏಳು ತಪ್ಪು ಮಾಡೋ ಗುಮಾಸ್ತನನ್ನ ಯಾರಾದ್ರೂ ಕೆಲಸಕ್ಕೆ ಇಟ್ಕೋತಾರಾ?"

"ಆ ಕಾಲದಲ್ಲಿ..."

"ಯಾವ ಕಾಲವಾದ್ರೂ ಅಷ್ಟೇ. ತಪ್ಪಾಗಿ ಬರೆದದ್ದನ್ನ ನಾನಾದ್ರೆ ಗಿಜಿಗಿಜಿ ಅಂತ ಗೀಚಿಬಿಡ್ತೀನಿ, ಯಾರಿಗೂ ಕಾಣಬಾರದು ಅಂತ. ಹೀಗೆ ನೀಟಾಗಿ ಒಂದು ಗೆರೆ ಎಳೆಯೋದು ಯಾವಾಗ ಗೊತ್ತಾ? ಬಟ್ಟೆಯ ಯಜಮಾನರು ಬಂದು ಬಟ್ಟೆ ತಗೊಂಡು ಹೋದಾಗ."

ಹಲ್ಲಿನ ಡಾಕ್ಟರು ತಮ್ಮ ಗಾಡಿಯವನನ್ನು ಬಿಟ್ಟು ಎದ್ದುಬಂದರು. ಟೀಚರ್ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು ಗೆರೆಯ ಕೊನೆಗೆ ಬೆರಳಿಟ್ಟರು. ಅಲ್ಲಿ ಇರುವೆ ಗಾತ್ರದ ಕೆಂಪು ಅಂಕಿಗಳಿದ್ದವು. ಹದಿನಾಲ್ಕು, ಆರು. "ಇದನ್ನ ಪುಟದ ನಂಬರು ಅಂದ್ಕೊಂಡಿದ್ದೆ" ಎಂದರು ಮೆಲ್ಲಗೆ.

"ತಾರೀಕು ಅದು" ಎಂದರು ಪೋಸ್ಟ್ ಮಾಮ. "ಆರನೇ ತಿಂಗಳು, ಹದಿನಾಲ್ಕನೇ ತಾರೀಕು. ಮಗು ಹೊರಗೆ ಹೋಗಿದೆ ಅಂದ್ರೆ ಗೇಟಿನಿಂದಲೇ ಹೋಗಬೇಕು. ಗೇಟಿನವನು ಬರೆದಿರ್ತಾನೆ. ನಾನು ಜೀವಮಾನವೆಲ್ಲ ಗೇಟುಗಳಲ್ಲಿ ಸಹಿ ಹಾಕಿದವನು, ನನಗೆ ಗೊತ್ತು. ಗೇಟಿನ ಪುಸ್ತಕ ಇದೆಯೇನಯ್ಯಾ?"

ಗುಮಾಸ್ತ ತಲೆ ಕೆರೆದುಕೊಂಡ. "ಇದೆ. ಅದರಲ್ಲಿ ಹಾಲಿನ ಕ್ಯಾನು, ಸೌದೆ, ಇಂಥದ್ದೇ. ಅದನ್ನ ಯಾರು ಕೇಳ್ತಾರೆ ಸಾರ್?"

ನಾವು ಕೇಳಿದೆವು. ಧೂಳು ಹೊಡೆದು ಕೊಟ್ಟ. ಆ ತಾರೀಕಿನ ಕೆಳಗೆ, ಹಾಲಿನ ಕ್ಯಾನು ಮತ್ತು ಎರಡು ಗಾಡಿ ಸೌದೆಯ ನಡುವೆ, ಗೇಟಿನವನು ದಪ್ಪ ಅಕ್ಷರದಲ್ಲಿ ಬರೆದಿದ್ದ: 'ಬೆಳಿಗ್ಗೆ ಹತ್ತು ಗಂಟೆ. ಗಂಡು ಮಗು ಒಂದು. ಜ್ವರ ಬಿಟ್ಟಿದೆ. ಸೋದರಮಾವ ಬಂದು ಕರೆದುಕೊಂಡು ಹೋದರು. ಬೀಗ ರಿಪೇರಿ ಕೆಲಸ, ಗಡಿಯಾರ ಕಂಬದ ಹಿಂದಿನ ಬೀದಿ. ಮಗುವಿಗೆ ಅಕ್ಕ ಇದ್ದಾಳೆ ಎಂದು ಹೇಳಿದೆ. ಮನೆ ಒಂದೇ ಕೋಣೆ ಎಂದರು.'

ಜ್ವರ ಬಿಟ್ಟಿದೆ. ಆ ಎರಡು ಪದವನ್ನು ನಾನು ನಾಲ್ಕು ಸಲ ಓದಿದೆ.

ತಲೆ ಎತ್ತಿದಾಗ ಟೀಚರ್ ಕುರ್ಚಿ ಖಾಲಿ. ಹೊರಗೆ ಮಹಡಿಯ ವರಾಂಡದಲ್ಲಿ ಕಂಬಕ್ಕೆ ಒರಗಿ ನಿಂತಿದ್ದರು.

"ಎಷ್ಟು ಜನಕ್ಕೆ ಇಲ್ಲ ಅಂತ ಹೇಳಿ ಕಳಿಸಿದ್ದೀನಿ ಗೊತ್ತೇನಮ್ಮ? ಆ ಮಕ್ಕಳೆಲ್ಲ ಮನೆ ಸೇರಿದವರು. ಸೇರಿದವರನ್ನೇ ಬಿಟ್ಟುಬಿಟ್ಟೆ, ಉಳಿದವರಿಗೆ ಕಾರ್ಡ್ ಬರೆದೆ."

ಸಮಾಧಾನದ ಮಾತು ನನಗೆ ಅಷ್ಟಾಗಿ ಬರುವುದಿಲ್ಲ. "ಟೀಚರ್, ನಾನೊಂದು ಸಲ ಒಬ್ಬ ಮದುಮಗನ ಸೂಟನ್ನ ಇನ್ನೊಬ್ಬ ಮದುಮಗನಿಗೆ ಕೊಟ್ಟು ಕಳಿಸಿದ್ದೆ. ಇವನು ಆರಡಿ, ಅವನು ಐದಡಿ. ಅಳೋದಕ್ಕೆ ಹೊತ್ತೆಲ್ಲಿ? ಆಟೋ ಹತ್ತಿದೆ. ನೀವು ಇಲ್ಲ ಅಂದವರ ವಿಳಾಸ ಇದೆಯಾ?"

"ಇದೆ. ಬಂದವರೆಲ್ಲರ ಚೀಟಿ ಇಟ್ಟಿದ್ದೀನಿ."

"ಮತ್ತೆ?"

ಅವರು ಕಣ್ಣೊರೆಸಿಕೊಂಡು ನನ್ನನ್ನು ನೋಡಿದರು. "ಐದಡಿಯವನು ಆ ಸೂಟ್ ಹಾಕ್ಕೊಂಡಿದ್ನಾ?"

"ತೋಳು ಮಡಿಸ್ಕೊಂಡು ನಿಂತಿದ್ದ!"

ನಗು ತಡೆಯಲಾಗದೆ ಟೀಚರ್ ಕಂಬ ಹಿಡಿದುಕೊಂಡರು. ಮುಂದಿನ ಗುರುವಾರ ಅವರು ಒಂದು ಡಬ್ಬ ಹೊಸ ಗುಲಾಬಿ ಬಣ್ಣದ ಕಾರ್ಡು ತಂದು ನಮ್ಮೆಲ್ಲರ ಮುಂದೆ ಹಂಚಿದರು. ಗೆರೆ ಎಳೆದ ಸಾಲಿಗೆಲ್ಲ ಗುಲಾಬಿ ಕಾರ್ಡು. ಹಲ್ಲಿನ ಡಾಕ್ಟರ ಅಕ್ಷರ ಯಾರಿಗೂ ತಿಳಿಯುವುದಿಲ್ಲವೆಂದು ಅವರಿಗೆ ಸ್ಕೇಲು ಹಿಡಿಯುವ ಕೆಲಸ.

ಅತ್ತೆಗೆ ನಾನು ಗೇಟಿನ ಪುಸ್ತಕದ ನಕಲು ಓದಿ ಹೇಳಿದೆ. 'ಕರೆದುಕೊಂಡು ಹೋದರು' ಎನ್ನುವಲ್ಲಿಗೆ ನಿಲ್ಲಿಸಿ ಕಾಗದ ಮಡಚಿದೆ.

ಅತ್ತೆ ಸೂಜಿಯನ್ನು ಷರ್ಟಿಗೆ ಚುಚ್ಚಿಟ್ಟರು. "ಜ್ವರ ಬಿಟ್ಟಿತ್ತು ಅಂತ ಬರೆದಿದೆಯಾ?"

"ಬರೆದಿದೆ."

"ಇನ್ನೊಂದು ಸಲ ಓದು."

ಓದಿದೆ.

"ಕೊನೆಗೆ ಏನೋ ನುಂಗಿದೆ ನೀನು. ಅದನ್ನೂ ಓದು."

"ಏನಿಲ್ಲ ಬಿಡಿ ಅತ್ತೆ."

"ನೀನು ಸುಳ್ಳು ಹೇಳಿದರೆ ನಿನ್ನ ಮೂಗು ಅರಳತ್ತೆ. ಓದು."

ಓದಿದೆ. ಒಂದೇ ಕೋಣೆ ಎಂದದ್ದನ್ನೂ ಓದಿದೆ. ಅತ್ತೆಯ ಹೆಸರಿನ ಮೇಲೆ ಗೆರೆ ಇರಲಿಲ್ಲ ಎನ್ನುವುದನ್ನೂ ಹೇಳಿಬಿಟ್ಟೆ. ಇಷ್ಟಾದ ಮೇಲೆ ಮುಚ್ಚಿಟ್ಟು ಏನು ಮಾಡುವುದು?

"ಅದಕ್ಕೆ ಇಷ್ಟು ಹೆದರಿದ್ದೆಯಾ?" ಎಂದರು ಅತ್ತೆ. "ನನ್ನನ್ನ ಯಾರೂ ಕರ್ಕೊಂಡು ಹೋಗಲಿಲ್ಲ ಅನ್ನೋದು ನನಗೆ ಗೊತ್ತಿಲ್ವೇನೇ ಹುಚ್ಚಿ? ನಾನು ಅಲ್ಲೇ ಇದ್ದೆನಲ್ಲ!" ಆಮೇಲೆ ನನ್ನ ಕೈ ಹಿಡಿದುಕೊಂಡರು. "ಅವನು ಬದುಕಿದ್ದಾನಾ ನೋಡು. ಬೇಗ ನೋಡು."

ಆಮೇಲಿನ ಹುಡುಕಾಟ ಪೋಸ್ಟ್ ಮಾಮನದು. ಗಡಿಯಾರ ಕಂಬದ ಹಿಂದಿನ ಬೀದಿಯನ್ನು ಬಸ್ ನಿಲ್ದಾಣಕ್ಕೆಂದು ಕೆಡವಿದಾಗ ಅಲ್ಲಿನ ಅಂಗಡಿಗಳನ್ನು ಮಾರುಕಟ್ಟೆಯ ಹಿಂಭಾಗಕ್ಕೆ ಸ್ಥಳಾಂತರಿಸಿದ್ದರಂತೆ. ಅಷ್ಟು ಗೊತ್ತಿದ್ದವರಿಗೆ ಉಳಿದದ್ದು ಕಷ್ಟವಾಗಲಿಲ್ಲ. ಎರಡು ಗುರುವಾರ ಕಳೆದು ಮೂರನೆಯ ಗುರುವಾರ ನಾನೂ ಮಾಮನೂ ಒಂದು ಬೀಗದ ಅಂಗಡಿಯ ಮುಂದೆ ನಿಂತಿದ್ದೆವು. ಕಪಾಟಿಗಿಂತ ಸ್ವಲ್ಪ ದೊಡ್ಡ ಅಂಗಡಿ. ಒಳಗೆ ಎಪ್ಪತ್ತೆಂಟರ ಒಬ್ಬ ಎತ್ತರದ ಮುದುಕರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೀಲಿಕೈಗೆ ಅರ ಉಜ್ಜುತ್ತಿದ್ದರು.

"ಯಾವ ಬೀಗ?" ಎಂದರು ತಲೆ ಎತ್ತದೆ.

ನಾನು ಸುತ್ತಿ ಬಳಸದೆ ಹೇಳಿದೆ. ಅರ ನಿಂತಿತು.

"ನಮ್ಮಪ್ಪ ನನಗೆ ಅಪ್ಪ ಅಲ್ಲ, ಮಾವ ಅಂತೀರಾ?"

"ಪುಸ್ತಕದಲ್ಲಿ ಹಾಗಿದೆ ಯಜಮಾನರೇ."

"ನಮ್ಮಪ್ಪನಿಗೆ ನಾನೊಬ್ಬನೇ ಮಗ. ನನಗೆ ಅಕ್ಕನೂ ಇಲ್ಲ, ತಂಗಿನೂ ಇಲ್ಲ. ಆಚೆ ಅಂಗಡಿ ಸಾಲಿನಲ್ಲಿ ಇನ್ನೊಬ್ಬ ಬೀಗದವನಿದ್ದಾನೆ, ಅವನನ್ನ ಕೇಳಿ. ಅವನಿಗೆ ಯಾರು ಬೇಕಾದ್ರೂ ಸಂಬಂಧಿಕರಾಗ್ತಾರೆ."

ಪೋಸ್ಟ್ ಮಾಮ ಬಾಯಿ ತೆರೆದರು. ನಾನು ಅವರ ತೋಳು ಎಳೆದೆ. ಗಿರಾಕಿಯ ಹತ್ತಿರ ವಾದ ಮಾಡಿ ಗೆದ್ದರೆ ಗಿರಾಕಿ ಹೋಗುತ್ತಾನೆ. ಗೇಟಿನ ಪುಸ್ತಕದ ನಕಲನ್ನು, ನಮ್ಮ ಲಾಂಡ್ರಿಯ ಚೀಟಿಯ ಜೊತೆ, ಅವರ ಕೀಲಿಕೈ ಡಬ್ಬದ ಕೆಳಗೆ ಇಟ್ಟು ಬಂದೆ. ಅತ್ತೆಗೆ, "ಇದ್ದಾರೆ, ಆರೋಗ್ಯವಾಗಿದ್ದಾರೆ, ಕೋಪ ಜಾಸ್ತಿ" ಎಂದಷ್ಟೇ ಹೇಳಿದೆ.

"ಕೋಪ ಇದ್ರೆ ಅವನೇ" ಎಂದರು. ಮತ್ತೆ ಏನೂ ಕೇಳಲಿಲ್ಲ. ಆದರೆ ಅಂದಿನಿಂದ ಗುಂಡಿ ಹೊಲಿಯುವ ಸ್ಟೂಲು ಹಿಂದಿನ ಕೋಣೆಯಿಂದ ಅಂಗಡಿಯ ಮುಂಭಾಗಕ್ಕೆ, ರಸ್ತೆ ಕಾಣುವ ಜಾಗಕ್ಕೆ ಬಂತು. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು. ಮೂರನೆಯ ದಿನ ಅತ್ತೆ ಒಂದೇ ಷರ್ಟಿಗೆ ಎರಡು ಬಣ್ಣದ ಗುಂಡಿ ಹೊಲಿದರು.

ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ ಕಾಫಿ ಕುಡಿಯಲು ಒಳಗೆ ಎದ್ದುಹೋಗಿದ್ದ ಹೊತ್ತಿಗೆ ಬೀಗದ ಅಂಗಡಿಯ ಮುದುಕರು ಬಂದರು. ಕೈಯಲ್ಲಿ ಒಂದೇ ಒಂದು ಷರ್ಟು. ಕೌಂಟರಿನ ಮೇಲಿಟ್ಟರು. ನಮ್ಮವರು ಅದನ್ನು ಬಿಡಿಸಿ ನೋಡಿ, "ಇದಕ್ಕೆ ಇಸ್ತ್ರಿ ಆಗಿದೆಯಲ್ಲ ಸ್ವಾಮಿ" ಎಂದರು.

"ಕಾಲರ್ ಸರಿಯಿಲ್ಲ."

ಕಾಲರು ಚಾಕುವಿನ ಹಾಗಿತ್ತು. ನಾನು ಗಂಡನಿಗೆ ಕಣ್ಣು ಸನ್ನೆ ಮಾಡಿ ಷರ್ಟು ತೆಗೆದುಕೊಂಡೆ. ಮುದುಕರು ಜೇಬಿನಿಂದ ನಮ್ಮ ನಕಲು ತೆಗೆದರು. ಮಡಚಿ ಮಡಚಿ ಬಟ್ಟೆಯಂತೆ ಮೆತ್ತಗಾಗಿತ್ತು.

"ಈ ತಾರೀಕು..." ಎಂದು ಬೆರಳಿಟ್ಟರು. "ನಾನು ಶಾಲೆಗೆ ಸೇರುವಾಗ ನಮ್ಮಪ್ಪ ಬರೆಸಿದ ಹುಟ್ಟಿದ ದಿನ ಇದೇ. ಹದಿನಾಲ್ಕು, ಆರು. ನನ್ನ ಎಲ್ಲ ಕಾಗದದಲ್ಲೂ ಇದೇ ಇದೆ. ಎಪ್ಪತ್ತು ವರ್ಷದಿಂದ ಬರೀತಿದ್ದೀನಿ. ಇದು ನಾನು ಹುಟ್ಟಿದ ದಿನ ಅಲ್ಲ ಅಲ್ವಾ?"

"ಅಲ್ಲ. ನೀವು ಮನೆಗೆ ಬಂದ ದಿನ."

ಅವರು ಕೌಂಟರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಮ್ಮವರು ಸ್ಟೂಲು ನೂಕಿಕೊಟ್ಟರು, ಕೂರಲಿಲ್ಲ. "ಅವರು ಇದ್ದಾರಾ?"

ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. ಅತ್ತೆ ಮಂಚದ ಮೇಲೆ ಕೂತು ಲೋಟದ ಕಾಫಿ ಆರಿಸುತ್ತಿದ್ದರು. ಬಂದವರನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಲೋಟವನ್ನು ಕಿಟಕಿಯ ಮೇಲಿಟ್ಟರು, ಅಲ್ಲಿಂದ ಎತ್ತಿ ಕೆಳಗಿಟ್ಟರು.

"ಊಟ ತಿಂಡಿ ಸರಿಯಾಗಿ ಮಾಡ್ತೀಯಾ?" ಇದು ಮೊದಲ ಮಾತು.

"ಮಾಡ್ತೀನಿ."

"ಹಲ್ಲೆಷ್ಟಿವೆ?"

"ಹನ್ನೊಂದು."

"ನನಗಿಂತ ವಾಸಿ. ಮಕ್ಕಳು?"

"ಇಬ್ಬರು ಹೆಣ್ಣುಮಕ್ಕಳು. ಮೊಮ್ಮಕ್ಕಳು ಮೂರು."

"ಮಾವ ಚೆನ್ನಾಗಿ ನೋಡಿಕೊಂಡನಾ? ಹೊಡೀತಿದ್ನಾ?"

"ಒಂದು ದಿನವೂ ಕೈ ಎತ್ತಲಿಲ್ಲ." ಅವರು ಕೈಯಲ್ಲಿದ್ದ ನಕಲನ್ನು ಮತ್ತೊಮ್ಮೆ ಮಡಚಿದರು. "ನಿಮ್ಮನ್ನ ಬಿಟ್ಟುಬಂದದ್ದನ್ನ ಒಂದು ದಿನವೂ ಹೇಳಲಿಲ್ಲ."

"ಹೇಗೆ ಹೇಳ್ತಾನೆ? ಒಂದು ಕೋಣೆ." ಅತ್ತೆ ತಲೆ ಆಡಿಸಿದರು. "ನಿನ್ನನ್ನ ಒಯ್ದನಲ್ಲ, ಸಾಕು. ನಾನು ಕೊಟ್ಟ ನೀರಿಂದ ನೀನು ಹೋದೆ ಅಂದ್ಕೊಂಡಿದ್ದೆ ಕಣೋ ಪಾಪು."

ಎಪ್ಪತ್ತೆಂಟು ವರ್ಷದ ಪಾಪು ಬಾಗಿಲ ಪಕ್ಕದ ಗೋಡೆಗೆ ಕೈ ಊರಿದರು. "ನನಗೆ ಏನೂ ನೆನಪಿಲ್ಲ. ನೀರೂ ಇಲ್ಲ, ನೀವೂ ಇಲ್ಲ. ಸುಳ್ಳು ಹೇಳೋದಕ್ಕೆ ಬರಲ್ಲ ನನಗೆ."

"ನಿನಗೆ ಮೂರು ವರ್ಷ. ನೆನಪಿಟ್ಟುಕೊಳ್ಳೋದು ನಿನ್ನ ಕೆಲಸ ಆಗಿರಲಿಲ್ಲ. ಏನು ಬೇಕೋ ಕೇಳು, ನಾನು ಹೇಳ್ತೀನಿ."

ಅವರು ಯೋಚಿಸಿದರು. ಎಷ್ಟೋ ವರ್ಷ ಬೀಗಗಳ ಒಳಗೆ ಇಣುಕಿದ ಮನುಷ್ಯ, ಅವಸರ ಮಾಡಲಿಲ್ಲ.

"ಅಮ್ಮ ಹೇಗಿದ್ದಳು?"

"ಎತ್ತರ ಇದ್ದಳು."

"ಎಷ್ಟೆತ್ತರ?"

"ನನಗೇನು ಗೊತ್ತು, ಏಳು ವರ್ಷದವಳಿಗೆ ಎಲ್ಲರೂ ಎತ್ತರವೇ." ಅತ್ತೆ ಕಣ್ಣು ಕಿರಿದು ಮಾಡಿ ಕೋಣೆಯ ಬಾಗಿಲನ್ನು ನೋಡಿದರು. "ಬಾಗಿಲಲ್ಲಿ ನಿಂತು ನಮ್ಮನ್ನ ಕೂಗುವಾಗ ಮೇಲಿನ ಅಗುಳಿ ಅವಳ ಕಿವಿಗೆ ತಾಗ್ತಿತ್ತು. ಪ್ರತಿ ಸಲವೂ ಬೈಕೋತಿದ್ದಳು. ಎಲ್ಲಿ, ನೀನು ಹೋಗಿ ನಿಲ್ಲು."

ಅವರು ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲಲ್ಲಿ ನಿಂತರು. ಬೆನ್ನನ್ನು ನೆಟ್ಟಗೆ ಮಾಡಿಕೊಂಡರು, ಎಷ್ಟು ಸಾಧ್ಯವೋ ಅಷ್ಟು. ನಾನು ನಮ್ಮ ಬಾಗಿಲಿನ ಮೇಲಿನ ಅಗುಳಿಯನ್ನು ಹೊರಗೆ ಎಳೆದೆ. ತಣ್ಣನೆಯ ಕಬ್ಬಿಣ ಕಿವಿಗೆ ತಾಗಿ ಅವರು ಭುಜ ಕುಣಿಸಿದರು.

"ಹಾಂ, ಹಾಗೇ" ಎಂದರು ಅತ್ತೆ. "ಹಾಗೇ ನಿಂತಿರು ಸ್ವಲ್ಪ."